ವೀಕ್ನೆಸ್ ಎಂಬ ಜಡ್ಡು

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವರ ಕಿವಿಗೆ ನೆಮ್ಮದಿ ಎಂಬುದಿಲ್ಲ. ಎಪ್ಪತ್ತರ ದಶಕದ ನಡುವೆ ನಾನು ಮಾನ್ವಿಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರಿದೆ. ಮೊದಲ ದಿನವೇ ಹೆಡ್‌ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದು, "ಮೈಸೆಲ್ಫ್ ಹೆಡ್‌ಮಾಸ್ಟರ್. ಯುವರ್ ಗುಡ್ ನೇಮ್ ಪ್ಲೀಸ್" ಎಂದರು. ಒಳ್ಳೆಯ ಹೆಸರು ಒಂದು, ಕೆಟ್ಟ ಹೆಸರು ಒಂದು ಅಂತ ಯಾರಾದರೂ ಎರಡೆರಡು ಇಟ್ಟುಕೊಂಡು ತಿರುಗುತ್ತಾರೇನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊಸ ನೌಕರಿ, ನುಂಗಿಕೊಂಡೆ. ಅವತ್ತು ನುಂಗಲು ಶುರು ಮಾಡಿದವಳು ಮುಂದೆ ವರ್ಷಗಟ್ಟಲೆ ನುಂಗುತ್ತಲೇ ಇದ್ದೆ.

ತಾಲೂಕು ಕಚೇರಿಗೆ ಏನಾದರೂ ಕೆಲಸವೆಂದು ಹೋದರೆ ಬಾಗಿಲಲ್ಲಿ ನಿಂತ ಜವಾನ, "ಸಾಹೇಬ್ರು ಔಟ್ ಆಫ್ ಸ್ಟೇಷನ್ ಅದಾರ್ರಿ" ಎನ್ನುತ್ತಿದ್ದ. ರೈಲಿನ ಮುಖವನ್ನೇ ಕಾಣದ ಊರಿಗೆ ಎಲ್ಲಿಯ ಸ್ಟೇಷನ್ನು, ಎಲ್ಲಿಯ ಔಟು. ವಿಚಾರಿಸಿದರೆ ಸಾಹೇಬರು ಚೀಕಲಪರ್ವಿಗೆ ಹೊಳೆಯ ಸ್ನಾನಕ್ಕೆ ಹೋಗಿರುತ್ತಿದ್ದರು, ಇಲ್ಲವೆ ಹಿಂದಿನ ಕೋಣೆಯಲ್ಲಿ ಊಟ ಮುಗಿಸಿ ಅಡ್ಡಾಗಿರುತ್ತಿದ್ದರು. ಒಳಗೆ ಗೊರಕೆ ಕೇಳುತ್ತಿದ್ದರೂ ಜವಾನನ ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿರಲಿಲ್ಲ. 'ಮಲಗಿದ್ದಾರೆ' ಎಂದರೆ ಮರ್ಯಾದೆ ಹೋಗುತ್ತದೆ, 'ಔಟ್ ಆಫ್ ಸ್ಟೇಷನ್' ಎಂದರೆ ಉಳಿಯುತ್ತದೆ.

ಇನ್ನು ಆ 'ಕಸಿನ್ ಬ್ರದರ್' ಇದೆಯಲ್ಲ, ಅದರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಮ್ಮಲ್ಲಿ ದೊಡ್ಡಪ್ಪನ ಮಗ ಬೇರೆ, ಸೋದರಮಾವನ ಮಗ ಬೇರೆ. ಒಬ್ಬನಿಗೆ ಅಣ್ಣ ಅನ್ನುತ್ತೇವೆ, ಇನ್ನೊಬ್ಬನನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋಗುತ್ತೇವೆ, ಯಾಕೆಂದರೆ ನಾಳೆ ಅವನಿಗೇ ಕೊರಳು ಕೊಡಬೇಕಾದೀತು. ಇಂಥ ಚೊಕ್ಕ ಲೆಕ್ಕ ಇಟ್ಟುಕೊಂಡ ಜನ ಇಬ್ಬರನ್ನೂ ತಂದು ಒಂದೇ ಚೀಲಕ್ಕೆ ತುಂಬಿ, ಮೇಲೆ 'ಬ್ರದರ್' ಎಂದು ಹೊಲಿದುಬಿಟ್ಟರು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಪ್ರಬಂಧದಲ್ಲಿ, ಬರುವ ಬೇಸಿಗೆಗೆ ತನ್ನ ಕಸಿನ್ ಬ್ರದರ್ ಜೊತೆ ತನ್ನ ಮದುವೆ ಎಂದು ಬರೆದಿದ್ದಳು. ಕೆಂಪು ಪೆನ್ನು ಹಿಡಿದು ಸುಮಾರು ಹೊತ್ತು ಕುಳಿತಿದ್ದೆ. ಏನಂತ ತಿದ್ದಬೇಕು. ಕೊನೆಗೆ ಅವಳನ್ನೇ ಕರೆದು, "ನಿನಗ ಅಂವ ಏನಾಗಬೇಕು" ಎಂದು ಕೇಳಿದೆ. "ಮಾವನ ಮಗ ರೀ" ಎಂದು ನಾಚಿಕೊಂಡಳು. ಕನ್ನಡದಲ್ಲಿ ಹೇಳುವಾಗ ನಾಚಿಕೆ ಬಂತು, ಇಂಗ್ಲಿಷಿನಲ್ಲಿ ಬರೆಯುವಾಗ ಬಂದಿರಲಿಲ್ಲ.

ಮದುವೆಯಾಗಿ ರಾಯಚೂರಿನಲ್ಲಿ ಮನೆ ಮಾಡಿ, ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಬರುವುದು ಶುರುವಾದ ಮೇಲೆ ಈ ಕಾಟ ಇಮ್ಮಡಿಯಾಯಿತು. "ರಿಟರ್ನ್ ವಾಪಸ್ ಯಾವಾಗ್ರಿ ಟೀಚರ್" ಎಂದು ಕಂಡಕ್ಟರ್ ಕೇಳುತ್ತಿದ್ದ. "ಮಿಡಲ್ ಸೆಂಟರಿನ್ಯಾಗ ನಿಂದ್ರಬ್ಯಾಡ್ರಿ" ಎಂದು ಕೂಗುತ್ತಿದ್ದ. ಮನೆಗೆ ಬಂದು ಗೊಣಗಿದರೆ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಕಿವ್ಯಾಗ ಹತ್ತಿ ಇಟ್ಕೊ. ರಾಯಚೂರಾಗ ಹತ್ತಿಗೇನು ಬರ ಅದೇನು" ಎನ್ನುತ್ತಿದ್ದರು.

ಆದರೆ ನನಗೆ ನಿಜವಾಗಿ ಮೈ ಉರಿಯುತ್ತಿದ್ದುದು ಹೆಂಗಸರ ಮೇಲೆ ಹೊದಿಸುತ್ತಿದ್ದ ಇಂಗ್ಲಿಷನ್ನು ಕೇಳಿದಾಗ. ಹೆಂಡತಿಯನ್ನು ಹೆಂಡತಿ ಎನ್ನಲು ಗಂಡಸರಿಗೆ ಬಾಯಿ ಬರುತ್ತಿರಲಿಲ್ಲ. "ನಮ್ ಫ್ಯಾಮಿಲಿಗಿ ಒಂದು ಸೀಟ್ ಕೊಡ್ರಿ" ಎಂದು ಬಸ್ಸಿನಲ್ಲಿ ಕೇಳುತ್ತಿದ್ದರು, ಪಾಪ ಆ ಫ್ಯಾಮಿಲಿ ಒಬ್ಬಳೇ ಕಂಬ ಹಿಡಿದು ನಿಂತಿರುತ್ತಿದ್ದಳು. ಮಕ್ಕಳಿಲ್ಲದವಳನ್ನು ತೋರಿಸಿ "ಇಶ್ಯೂ ಇಲ್ಲ" ಎನ್ನುತ್ತಿದ್ದರು. ಹೆರಿಗೆ 'ಕೇಸ್' ಆಗಿತ್ತು. ಮುಟ್ಟು 'ಎಂಸಿ' ಆಗಿತ್ತು, ಅದೂ ಹೆಂಗಸರು ಹೆಂಗಸರ ನಡುವೆ ಪಿಸುಗುಟ್ಟುವಾಗ ಮಾತ್ರ. ಮೈಗೆ ಸಂಬಂಧಪಟ್ಟ ಯಾವ ಮಾತೇ ಇರಲಿ, ಅದಕ್ಕೊಂದು ಇಂಗ್ಲಿಷ್ ಸೆರಗು ಹೊದಿಸಿದರೆ ಸಭ್ಯವಾಯಿತು. ಸೆರಗಿನ ಕೆಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಈ ವಿದ್ಯೆಯಲ್ಲಿ ನಮ್ಮ ಮಾಮಾನನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಮಾಮಾ ಅಂದರೆ ನನ್ನ ಅಕ್ಕನ ಗಂಡ. ದೇವದುರ್ಗದಲ್ಲಿ ಅವನದು ಅಕ್ಕಿ ಗಿರಣಿ. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸದ ಮನುಷ್ಯ. ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರ ಎದ್ದು, ಎಲ್ಲೆಲ್ಲಿಯವರೋ ಇಂಜಿನಿಯರುಗಳು ಬಂದು ನೆಲೆಸಿದರಲ್ಲ, ಅಲ್ಲಿಯ ಒಂದು ಮೆಸ್ಸಿಗೆ ಮಾಮಾನ ಗಿರಣಿಯಿಂದ ಅಕ್ಕಿ ಹೋಗತೊಡಗಿತು. ಹೋದಾಗಲೊಮ್ಮೆ ಅವನು ಒಂದು ಹೊಸ ಇಂಗ್ಲಿಷ್ ಶಬ್ದವನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಒಂದು ತಿಂಗಳು ಎಲ್ಲವೂ 'ಟೆಕ್ನಿಕಲ್' ಆಗಿರುತ್ತಿತ್ತು, ಸಾರಿಗೆ ಉಪ್ಪು ಕಡಿಮೆಯಾದರೂ 'ಟೆಕ್ನಿಕಲ್ ಪ್ರಾಬ್ಲಮ್'. ಮುಂದಿನ ತಿಂಗಳು ಎಲ್ಲವೂ 'ನಾರ್ಮಲ್'. ಇಂಗ್ಲಿಷ್ ಟೀಚರು ನಾದಿನಿ ಎಂಬ ಹೆಮ್ಮೆ ಬೇರೆ. ನನ್ನ ಮುಂದೆ ಶಬ್ದ ಬಿಟ್ಟು, ಸರಿಯಾಯಿತೋ ಇಲ್ಲವೋ ಎಂದು ಮುಖ ನೋಡುತ್ತಿದ್ದ.

"ತಪ್ಪು ಅದ ಮಾಮಾ" ಎಂದರೆ, "ತಪ್ಪಾದ್ರ ಏನಾತು, ಇಂಜಿನಿಯರಿಗೆ ತಿಳೀತದಲ್ಲ" ಎನ್ನುತ್ತಿದ್ದ. ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆಗ ನಮ್ಮ ಕಡೆ ದವಾಖಾನೆಗೆ ಹೋಗುವ ಪದ್ಧತಿ ಹೀಗಿತ್ತು. ಹೆಂಗಸಿಗೆ ಜಡ್ಡಾದರೆ ಅವಳು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂರಬೇಕು. ಪಕ್ಕದಲ್ಲಿ ಗಂಡನೋ ಮೈದುನನೋ ಮಗನೋ ನಿಂತು ಅವಳ ಜಡ್ಡನ್ನು ಡಾಕ್ಟರಿಗೆ ಹೇಳಬೇಕು. ಡಾಕ್ಟರು ಅವಳನ್ನು ಕೇಳುವುದಿಲ್ಲ, ಅವನನ್ನು ಕೇಳುತ್ತಾರೆ. "ಊಟ ಮಾಡ್ತಾರೇನ್ರಿ" ಎಂದು ಅವನನ್ನು, "ನಿದ್ದಿ ಬರ್ತದೇನ್ರಿ" ಎಂದೂ ಅವನನ್ನೇ. ನಿಜಾಮರ ಕಾಲದಲ್ಲಿ ನಮ್ಮ ಅಜ್ಜ ಹಕೀಮರ ಮುಂದೆ ಅಜ್ಜಿಯ ಪರವಾಗಿ "ಥೋಡಾ ತಕಲೀಫ್ ಅದ" ಎಂದು ಹೇಳಿ ಪುಡಿ ತರುತ್ತಿದ್ದರಂತೆ. ಯಾವ ತಕಲೀಫು, ಎಂಥ ತೊಂದರೆ ಎಂದು ಹಕೀಮರೂ ಕೇಳುತ್ತಿರಲಿಲ್ಲವಂತೆ. ಉರ್ದು ಹೋಗಿ ಇಂಗ್ಲಿಷ್ ಬಂತು, ತಕಲೀಫು ಹೋಗಿ 'ವೀಕ್ನೆಸ್' ಬಂತು. ಸ್ಟೂಲಿನ ಮೇಲೆ ಕುಳಿತವಳ ಬಾಯಿ ಮಾತ್ರ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ಒಂದು ದಸರೆ ರಜೆಗೆ ಅಕ್ಕ ರಾಯಚೂರಿಗೆ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ನಿಂತವಳನ್ನು ನೋಡಿ ನನಗೆ ಗಾಬರಿಯಾಯಿತು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಎರಡು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಟ್ಟಳು.

"ಏನಾಗ್ಯದಕ್ಕಾ ನಿನಗ" ಎಂದೆ.

"ಏನಿಲ್ಲ, ವೀಕ್ನೆಸ್ ಅದ" ಎಂದಳು.

"ವೀಕ್ನೆಸ್ ಅಂದ್ರ ಏನು."

"ನೀ ಇಂಗ್ಲಿಷ್ ಟೀಚರ್, ನನ್ನನ್ನ ಕೇಳ್ತಿ. ಅದೊಂದು ಜಡ್ಡು. ನಿಮ್ಮ ಮಾಮಾ ಡಾಕ್ಟರಿಗೆ ಹೇಳ್ಯಾರ. ಗ್ಲೂಕೋಸ್ ಬಾಟ್ಲಿ ಹಾಕ್ತಾರ, ಟಾನಿಕ್ ಕೊಡ್ತಾರ. ನಾಲ್ಕು ದಿನ ಬರೋಬರಿ ಇರ್ತೀನಿ, ಮತ್ತ ಬರ್ತದ."

ನನಗೆ ತಲೆ ಕೆಟ್ಟುಹೋಯಿತು. ಅಕ್ಕ ಅದನ್ನು ನಿಜವಾಗಿಯೂ ಒಂದು ಜಡ್ಡಿನ ಹೆಸರು ಅಂದುಕೊಂಡಿದ್ದಳು, ಮಲೇರಿಯಾ, ಟೈಫಾಯಿಡ್ ಇದ್ದ ಹಾಗೆ. ಸುಸ್ತು ಯಾಕೆ ಬಂತು ಎಂದು ಹುಡುಕಬೇಕಾದವರು ಸುಸ್ತಿಗೇ ಒಂದು ಇಂಗ್ಲಿಷ್ ಹೆಸರಿಟ್ಟು, ಅದಕ್ಕೇ ಔಷಧ ಕೊಡುತ್ತ ಕುಳಿತಿದ್ದರು. ಇದಕ್ಕೇನು ಡಾಕ್ಟರ್ ಬೇಕಾಗಿತ್ತೇ. ಓಣಿಯಲ್ಲಿ ಹೋಗುವ ಯಾರನ್ನು ಕರೆದು ತೋರಿಸಿದ್ದರೂ ಈ ಹೆಣ್ಣುಮಗಳಿಗೆ ಶಕ್ತಿ ಇಲ್ಲ ಎಂದು ಹೇಳುತ್ತಿದ್ದರು.

ಮರುದಿನ ಮಧ್ಯಾಹ್ನ ಬಚ್ಚಲ ಹಿಂದೆ ಅವಳು ಬಟ್ಟೆ ಒಗೆಯುತ್ತಿದ್ದಾಗ ನಾನು ಹೋದೆ. ಅವಸರವಾಗಿ ಏನನ್ನೋ ಬಕೆಟ್ಟಿನ ಕೆಳಗೆ ತುರುಕಿದಳು. ಮೋರಿಯಲ್ಲಿ ಹರಿದ ನೀರು ಕೆಂಪಗಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.  ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿಂದ್ರೋದಽ ಇಲ್ಲ. ಹ್ವಾದ ವರ್ಷದ ಬ್ಯಾಸಗಿಯಿಂದ ಹಿಂಗಽ ಅದ" ಎಂದಳು.

"ಮಾಮಾಗ ಹೇಳಿಯೇನು."

"ಗೊತ್ತದ ಅವರಿಗೆ. ಆದ್ರ ಡಾಕ್ಟರ್ ಗಂಡಸು. ಅವನ ಮುಂದ ಹೆಂಗ ಹೇಳಾಕ ಆಗ್ತದ ಅವರಿಗೆ. ಅದಕ್ಕ ವೀಕ್ನೆಸ್ ಅಂದಾರ. ಇಂಗ್ಲಿಷ್‍ನ್ಯಾಗ ಹೇಳಿದ್ರ ಡಾಕ್ಟರಿಗೆ ತಿಳೀತದಂತ."

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಒಬ್ಬಳ ಮೈಯ ರಕ್ತವೆಲ್ಲ ಮೋರಿಯ ಪಾಲಾಗುತ್ತಿದೆ. ಗಂಡನಿಗೆ ಗೊತ್ತಿದೆ, ಅತ್ತೆಗೆ ಗೊತ್ತಿದೆ, ಮನೆಯ ನಾಯಿಗೂ ಗೊತ್ತಿದ್ದೀತು. ಗೊತ್ತಿಲ್ಲದವರು ಒಬ್ಬರೇ, ಗುಣ ಮಾಡಬೇಕಾದ ಡಾಕ್ಟರು. ಅವರಿಗೆ ಸಿಕ್ಕಿದ್ದು ಒಂದು ಶಬ್ದ, ಅದೂ ಯಾವ ಉಪಯೋಗಕ್ಕೂ ಬಾರದ್ದು. ಇನ್ನಾರು ತಿಂಗಳು ಹೀಗೇ ಹೋದರೆ ಅಕ್ಕ ಉಳಿಯುವುದಿಲ್ಲ ಎಂಬುದು ನನಗೆ ಆ ಮೋರಿಯ ಪಕ್ಕದಲ್ಲಿ ನಿಂತಾಗಲೇ ಖಾತ್ರಿಯಾಯಿತು.

ಅವಳನ್ನು ಕರೆದೊಯ್ಯಲು ಮಾಮಾ ಬಂದಾಗ ನಾನು ಕಳಿಸುವುದಿಲ್ಲ ಎಂದೆ. ಊರಿನಲ್ಲೊಬ್ಬರು ಲೇಡಿ ಡಾಕ್ಟರಿದ್ದಾರೆ, ಅವರಿಗೆ ತೋರಿಸುತ್ತೇನೆ ಎಂದೆ. ಅವನು ಬೇಡವೆನ್ನಲಿಲ್ಲ. "ತೋರಿಸೋಣಂತ, ನಾನೂ ಬರ್ತೀನಿ. ನೀವಿಬ್ಬರು ಹೆಣ್ಮಕ್ಕಳು ಅಲ್ಲಿ ಏನ್ ಮಾತಾಡ್ತೀರಿ" ಎಂದ. ಬಂದ, ಮತ್ತು ಪದ್ಧತಿಯ ಪ್ರಕಾರವೇ ಅಕ್ಕನ ಸ್ಟೂಲಿನ ಪಕ್ಕ ಬಂದು ನಿಂತ.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರು, ಬಳ್ಳಾರಿಯ ಕಡೆಯವರು, ದಪ್ಪ ಕನ್ನಡಕ. ಅಕ್ಕನ ಕಡೆ ನೋಡಿ, "ಏನಾಗ್ತದಮ್ಮಾ" ಎಂದರು.

"ಜನರಲ್ ವೀಕ್ನೆಸ್ ರೀ ಮೇಡಂ. ಮತ್ತ ಟೆನ್ಷನ್. ಬಾಕಿ ಆಲ್ ನಾರ್ಮಲ್" ಎಂದ ಮಾಮಾ.

"ನಿಮ್ಮನ್ನ ಕೇಳ್ಲಿಲ್ಲರೀ."

"ಆಕಿ ಹೇಳಂಗಿಲ್ರಿ. ಆಕಿಗೆ ಇಂಗ್ಲಿಷ್ ಬರಂಗಿಲ್ಲ."

"ನಾ ಯಾವ ಭಾಷಾದಾಗ ಕೇಳೀನಿ" ಎಂದರು ಡಾಕ್ಟರು. ಮಾಮಾ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಹೊರಗೆ ಬೆಂಚಿದೆ, ಅಲ್ಲಿ ಕೂತಿರಿ ಎಂದು ಡಾಕ್ಟರು ಬಾಗಿಲು ತೋರಿಸಿದರು. ಗಿರಣಿಯಲ್ಲಿ ಅಷ್ಟು ಜನರನ್ನು ಆಳುವ ಮನುಷ್ಯ ಅಂಗಿಯ ತೋಳು ಎಳೆದುಕೊಳ್ಳುತ್ತ ಹೊರಗೆ ಹೋದ.

ಬಾಗಿಲು ಮುಚ್ಚಿದ ಮೇಲಾದರೂ ಅಕ್ಕ ಬಾಯಿ ಬಿಟ್ಟಾಳು ಎಂದುಕೊಂಡೆ. ಎಲ್ಲಿಯ ಮಾತು. ಡಾಕ್ಟರು ಮತ್ತೆ ಕೇಳಿದಾಗ ಅವಳು, "ವೀಕ್ನೆಸ್ ರೀ" ಎಂದಳು. ನನಗೆ ಅವಳ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. "ಅಕ್ಕಾ, ಸುಡ್ಲಿ ಅದು. ನನ್ನ ಮುಂದ ಬಚ್ಚಲದಾಗ ಏನ್ ಹೇಳಿದಿ, ಅದನ್ನ ಹೇಳು. ಯವ್ವನ ಮುಂದ ಹೇಳಿದಂಗ ಹೇಳು" ಎಂದೆ. ನನ್ನ ದನಿ ಏರಿತ್ತು. ಡಾಕ್ಟರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು, ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡರು, ಕಾದರು.

ನೆಲ ನೋಡುತ್ತ ಅಕ್ಕ ಶುರು ಮಾಡಿದಳು. ಮೊದಲು ಒಂದೊಂದೇ ಮಾತು, ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಿದೆ ಎಂದಳು. ಗಡ್ಡೆ ಗಡ್ಡೆ ರಕ್ತ ಹೋಗುತ್ತದೆ ಎಂದಳು. ನಾಲ್ಕು ಜನ ಕೂತಲ್ಲಿ ಏಳಲು ಹೆದರಿಕೆ, ಹಿಂದೆ ಸೀರೆ ನೋಡಿಕೊಳ್ಳುವುದೇ ಕೆಲಸ, ಅದಕ್ಕೇ ತಂಗಿಯ ಮಗನ ಹೆಸರಿಡುವುದಕ್ಕೂ ಬರಲಿಲ್ಲ ಎಂದಳು. ಆ ಮಗ ನನ್ನ ಮಗ. ಅವಳು ಬರಲಿಲ್ಲವೆಂದು ನಾನು ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೆ, ಮಾಮಾ ಆಗಲೂ ಏನೋ ಒಂದು ಇಂಗ್ಲಿಷ್ ಕಾರಣ ಹೇಳಿದ್ದ. ಅಕ್ಕನ ಮಾತಿನಲ್ಲಿ ಒಂದೂ ಇಂಗ್ಲಿಷ್ ಶಬ್ದವಿರಲಿಲ್ಲ. ಡಾಕ್ಟರಿಗೆ ಎಲ್ಲ ತಿಳಿಯಿತು.

ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ರಕ್ತ ಏರಿಸಿ, ಗರ್ಭಕೋಶ ತೆಗೆದರು. ಇನ್ನೊಂದು ಸ್ವಲ್ಪ ತಡವಾಗಿದ್ದರೂ ಆಪರೇಷನ್ ತಡೆದುಕೊಳ್ಳುವ ಶಕ್ತಿ ಅವಳಲ್ಲಿ ಇರುತ್ತಿರಲಿಲ್ಲ ಎಂದು ಡಾಕ್ಟರು ಮಾಮಾನಿಗೇ ಹೇಳಿದರು. ಅವನು ಕಣ್ಣು ಒರೆಸಿಕೊಂಡ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಪ್ರೀತಿ ಇದ್ದುದಕ್ಕೇ ನನಗೆ ಇನ್ನೂ ಸಿಟ್ಟು.

ಚೇತರಿಸಿಕೊಳ್ಳುವ ತನಕ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಅವಳ ಆರೈಕೆಗೆ ದೇವದುರ್ಗದಿಂದ ಅವಳ ಅತ್ತೆ, ಮಾಮಾನ ತಾಯಿಯೂ ಬಂದರು. ಎತ್ತರದ ಗಟ್ಟಿ ಹೆಂಗಸು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಮಾತು ಕಡಿಮೆ. ನೋಡಲು ನೆಂಟರು ಬಂದಾಗ ಮಾಮಾ ಬಾಗಿಲಲ್ಲೇ ನಿಂತು, "ಮೈನರ್ ಆಪರೇಷನ್. ಈಗ ಆಲ್ ನಾರ್ಮಲ್" ಎಂದು ಹೇಳುತ್ತಿದ್ದ. ಇಷ್ಟಾದ ಮೇಲೂ. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಒಂದು ದಿನ ಗಿರಣಿಯ ವ್ಯವಹಾರದವರು ನಾಲ್ಕಾರು ಜನ ಗಂಡಸರು ಬಂದು ಕುಳಿತಿದ್ದಾಗ ಅಕ್ಕ ಮಂಚದ ಮೇಲಿಂದಲೇ, "ಮೈನರ್ ಅಲ್ರಿ ಅದು. ಗರ್ಭಚೀಲ ತೆಗದಾರ. ವರ್ಷದ ಮ್ಯಾಲ ರಕ್ತ ಹೋಗಿ ಸಾಯಾಕ ಬಂದಿದ್ದೆ" ಎಂದಳು. ಬಂದವರೆಲ್ಲ ಒಮ್ಮೆಲೇ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

"ಗಂಡಸರ ಮುಂದ ಎಂಥಾ ಮಾತು ಬೇ ಅವು" ಎಂದು ಅತ್ತೆ ಸೊಸೆಯನ್ನು ಗದರಿದರು. ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ನನಗೆ ಅತ್ತೆಯ ಮೇಲೂ ರೇಗಿತು. ಇವರಿಂದಲೇ ಅಲ್ಲವೇ ಈ ಪದ್ಧತಿ ಉಳಿದುಬಂದದ್ದು ಎಂದುಕೊಂಡೆ.

ಮರುದಿನ ಅತ್ತೆ, ನಾನು ಹಿತ್ತಲಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆವು. ಅವರ ಕೈ ನಿಂತಿತು.

"ಆ ಡಾಕ್ಟರಬಾಯಿ ವಯಸ್ಸಾದವರನ್ನೂ ನೋಡ್ತಾಳೇನವ್ವಾ" ಎಂದರು.

"ನೋಡ್ತಾರ. ಯಾಕ್ರಿ ಅತ್ತಿ."

"ನನಗ ಮುಟ್ಟು ನಿಂತು ಬಾಳ ವರ್ಷಾತು. ಈಗ ಮತ್ತ ಕಾಣಸಾಕತ್ತದ. ವಾಸನಿ ಬರ್ತದ." ಸೊಪ್ಪಿನ ಕಡ್ಡಿಯೊಂದನ್ನು ಚೂರು ಚೂರು ಮಾಡಿದರು. "ನನಗೂ ಅದಽ ಟಾನಿಕ್ ಕೊಟ್ಟಾರ."

ಅವತ್ತೇ ಸಂಜೆ ಅವರನ್ನು ಕರೆದುಕೊಂಡು ಹೋದೆವು. ಮಾಮಾ ಈ ಸಲ ತಾನಾಗಿಯೇ ಹೊರಗಿನ ಬೆಂಚಿನ ಮೇಲೆ ಕುಳಿತ. ಒಳಗೆ ಅತ್ತೆಗೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ನನಗೆ ಹೇಳಿದ್ದನ್ನೇ ಡಾಕ್ಟರಿಗೂ ಹೇಳಿ ಮೇಜಿನ ಮೇಲೆ ಮಲಗಿದರು. ಪರೀಕ್ಷೆ ಮುಗಿಸಿದ ಡಾಕ್ಟರು ಬೇಸಿನ್ನಿನ ಮುಂದೆ ನಿಂತು ಬಹಳ ಹೊತ್ತು ಕೈ ತೊಳೆದರು. ಆಮೇಲೆ ಹೊರಗೆ ಬಂದು ಮಾಮಾನಿಗೆ ಅಚ್ಚ ಕನ್ನಡದಲ್ಲಿಯೇ ಹೇಳಿದರು. ಹುಣ್ಣು ಕೆಟ್ಟದ್ದು, ಬಹಳ ಮುಂದೆ ಹೋಗಿದೆ, ಕುಯ್ದು ತೆಗೆಯುವ ಹಂತ ದಾಟಿದೆ. ಬಳ್ಳಾರಿಗೋ ಹೈದರಾಬಾದಿಗೋ ಕರೆದುಕೊಂಡು ಹೋಗಿ ನೋಡಿ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು.

ಅತ್ತೆ ಸೀರೆ ಸರಿಪಡಿಸಿಕೊಂಡು ಬಂದು ಮಗನ ಪಕ್ಕ ಬೆಂಚಿನ ಮೇಲೆ ಕುಳಿತರು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ, ಮಗನ ಮುಖವೇ ಸಾಕಾಗಿತ್ತು. ಮಾಮಾ ಅವರ ಕೈ ಹಿಡಿದುಕೊಂಡ. ಅವನ ಬಾಯಿಂದ ಆ ಹೊತ್ತು ಇಂಗ್ಲಿಷ್ ಬರಲಿಲ್ಲ.

"ಯವ್ವಾ, ದವಾಖಾನಿಗೆ ನಾನಽ ಕರ್ಕೊಂಡು ಹೋಗ್ತಿದ್ದೆ. ನಿನ್ನ ಬಾಜೂಕ ನಿಂದ್ರತಿದ್ದೆ. ಒಂದು ಸಲನಾದ್ರೂ ಹೇಳಬಾರದಾಗಿತ್ತೇನು" ಎಂದು ಕೇಳಿದ.

ಅತ್ತೆ ಅವನನ್ನು ಬಯ್ಯಲಿಲ್ಲ. ಸಣ್ಣವನಿದ್ದಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದರು.

"ಡಾಕ್ಟರ ಮುಂದ ಮಾತಾಡಾಂವ ನೀನಽ ಇದ್ದಿ ಯಪ್ಪಾ. ಹಡದ ಮಗನ ಮುಂದ ಇದನ್ನ ಹೆಂಗ ಹೇಳ್ಲಿ."